ಬಯಾಲಜಿ ಬಿಡಿಸಬೇಕಾ? ಮೊದಲು ಆ ಉತ್ತರ ಪತ್ರಿಕೆ ಬಿಡಿಸಿ ನೋಡೋಣ

ಪ್ರಶ್ನೆ: ಮೇಡಂ, ನಾವು ಲಗ್ಗೆರೆಯವರು. ಯಜಮಾನರು ಪೀಣ್ಯದಲ್ಲಿ ಲೇತ್ ಕೆಲಸ ಮಾಡ್ತಾರೆ, ನಾನು ಗಾರ್ಮೆಂಟ್ಸ್‌ಗೆ ಹೋಗ್ತೀನಿ. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ ಓದಿ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 571 ತಗೊಂಡಳು, ವಿಜ್ಞಾನದಲ್ಲಿ 91. ಈಗ ಫಸ್ಟ್ ಪಿಯುಸಿ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ). ಮೊದಲನೇ ಟೆಸ್ಟ್‌ನಲ್ಲಿ ಬಯಾಲಜಿಗೆ 35ಕ್ಕೆ 11 ಬಂದಿದೆ. ಬೇರೆ ವಿಷಯಗಳಲ್ಲಿ ಪರವಾಗಿಲ್ಲ. ರಾತ್ರಿ ಹನ್ನೆರಡರ ತನಕ ಕೂತು ಓದ್ತಾಳೆ, ಬೆಳಿಗ್ಗೆ ಕೇಳಿದರೆ ಒಂದೂ ನೆನಪಿಲ್ಲ ಅಂತ ಅಳ್ತಾಳೆ. ಪಕ್ಕದ ಮನೆಯವರು ಬಯಾಲಜಿ ಅಂದ್ರೆ ಬರೀ ಉರು ಹೊಡೆಯೋದು, ನಿಮ್ಮ ಹುಡುಗಿಗೆ ಆಗಲ್ಲ ಅಂತಾರೆ. ಭಾವನ ಮಗ ಇಂಜಿನಿಯರ್. ಅವನು ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸಿ ಅಂತಾನೆ. ಇನ್ನೊಬ್ಬರು ಗಣಿತ ಬಿಡಿಸಿ, ಭಾರ ಕಡಿಮೆ ಆಗುತ್ತೆ ಅಂತಾರೆ. ಸಾಲ ಮಾಡಿಯಾದರೂ ನೀಟ್ ಕೋಚಿಂಗ್ ಇರುವ ಕಾಲೇಜಿಗೆ ಹಾಕಿ ಅಂತಾನೂ ಹೇಳ್ತಾರೆ. ಇವಳಿಗೆ ಮಾತ್ರ ದನ, ನಾಯಿ, ಬೆಕ್ಕಿನ ಡಾಕ್ಟರ್ ಆಗಬೇಕಂತೆ. ಏನು ಮಾಡಲಿ? ಉತ್ತರ ಪತ್ರಿಕೆಯ ಮೂರು ಪುಟದ ಫೋಟೋ ಕಳಿಸಿದ್ದೀನಿ.

ಉತ್ತರ:

ಫೋಟೋ ಕಳಿಸಿದ್ದು ಬಹಳ ಒಳ್ಳೆಯದಾಯಿತು, ಅಮ್ಮ. ನನಗೆ ಬರುವ ಪತ್ರಗಳಲ್ಲಿ ಅಂಕ ಇರುತ್ತೆ, ಅಳು ಇರುತ್ತೆ, ಉತ್ತರ ಪತ್ರಿಕೆ ಇರಲ್ಲ. ಇಪ್ಪತ್ತೆರಡು ವರ್ಷದಿಂದ ಬೆಂಗಳೂರಿನ ಪಿಯು ಕಾಲೇಜುಗಳಲ್ಲಿ ಬಯಾಲಜಿ ಪಾಠ ಮಾಡ್ತಾ ಇದ್ದೀನಿ. 11 ಅನ್ನೋ ಸಂಖ್ಯೆ ನೋಡಿ ಏನೂ ಹೇಳೋಕೆ ಆಗಲ್ಲ. ಆ 24 ಅಂಕ ಎಲ್ಲೆಲ್ಲಿ ಹೋಯಿತು ಅಂತ ನೋಡಿದರೆ ಬಹಳಷ್ಟು ಹೇಳಬಹುದು.

ಎರಡನೇ ಫೋಟೋದಲ್ಲಿ ಲೈಕೆನ್ ಬಗ್ಗೆ, ಅಂದರೆ ಪಾಚಿ ಮತ್ತು ಶಿಲೀಂಧ್ರ ಸೇರಿ ಬದುಕುವ ಜೋಡಿ ಬಗ್ಗೆ, 3 ಅಂಕದ ಪ್ರಶ್ನೆ ಇದೆ. ನಿಮ್ಮ ಮಗಳು ಒಡೆದ ಇಂಗ್ಲಿಷಿನಲ್ಲಿ ಬರೆದಿರೋದರ ಅರ್ಥ ಇಷ್ಟು: "ಎರಡು ಜೀವಿ ಒಟ್ಟಿಗೆ ಇರುತ್ತವೆ. ಒಂದು ಊಟ ಮಾಡಿ ಕೊಡುತ್ತದೆ. ಇನ್ನೊಂದು ಮನೆ ಮತ್ತು ನೀರು ಕೊಡುತ್ತದೆ. ಇಬ್ಬರಿಗೂ ಲಾಭ. ಹೊಗೆ ಇರುವ ಜಾಗದಲ್ಲಿ ಬೆಳೆಯಲ್ಲ." ಸಿಕ್ಕಿರೋದು 1. ಪತ್ರಿಕೆ ತಿದ್ದಿದವರ ತಪ್ಪಿಲ್ಲ. ಫೈಕೋಬಯಾಂಟ್ (ಅದರಲ್ಲಿನ ಪಾಚಿ), ಮೈಕೋಬಯಾಂಟ್ (ಅದರಲ್ಲಿನ ಶಿಲೀಂಧ್ರ) ಅನ್ನೋ ಎರಡು ಹೆಸರಿಗೆ, ಸಿಂಬಯೋಸಿಸ್ (ಕೂಡಿ ಬಾಳೋದು) ಅನ್ನೋ ಪದಕ್ಕೆ ಅಂಕ ಇದೆ, ಆ ಮೂರೂ ಅವಳ ಉತ್ತರದಲ್ಲಿಲ್ಲ. ಆದರೆ ವಿಷಯ ಪೂರ್ತಿ ಗೊತ್ತಿದೆ. ಪಾಚಿ ಆಹಾರ ತಯಾರಿಸುತ್ತೆ, ಶಿಲೀಂಧ್ರ ಆಸರೆ ಕೊಟ್ಟು ನೀರು, ಲವಣ ಹೀರಿ ಕೊಡುತ್ತೆ. ಇದನ್ನು "ಮನೆ ಮತ್ತು ನೀರು" ಅಂತ ತನ್ನ ಮಾತಲ್ಲಿ ಹೇಳುವ ಹುಡುಗಿ ಉರು ಹೊಡೆದವಳಲ್ಲ. ಉರು ಹೊಡೆದಿದ್ದರೆ ಆ ಹೆಸರುಗಳು ಇರುತ್ತಿದ್ದವು, ಅರ್ಥ ಇರುತ್ತಿರಲಿಲ್ಲ. ಅಂಥ ಉತ್ತರ ಪತ್ರಿಕೆಗಳನ್ನೂ ರಾಶಿ ನೋಡಿದ್ದೀನಿ.

ಮೂರನೇ ಫೋಟೋದಲ್ಲಿ ಇನ್ನೂ ಸ್ವಾರಸ್ಯದ ತಪ್ಪಿದೆ. ಆಲ್ಗೆಗೆ ಉದಾಹರಣೆ ಕೊಡಿ ಅಂದರೆ ಫ್ಯುನೇರಿಯಾ ಅಂತ ಬರೆದಿದ್ದಾಳೆ. ಫ್ಯುನೇರಿಯಾ ಒಂದು ಮಾಸ್, ಬ್ರಯೋಫೈಟ್ ಗುಂಪಿಗೆ ಸೇರಿದ್ದು. ಯಾಕೆ ಹೀಗಾಯ್ತು ಗೊತ್ತಾ? ನಾವು ಮನೆಯಲ್ಲಿ ಕೆರೆ ನೀರಿನ ಮೇಲಿನ ಹಸಿರಿಗೂ ಪಾಚಿ ಅಂತೀವಿ, ಮಳೆಗಾಲದಲ್ಲಿ ಕಾಂಪೌಂಡ್ ಗೋಡೆ ಮೇಲೆ ವೆಲ್ವೆಟ್ ಥರ ಬೆಳೆಯುತ್ತಲ್ಲ, ಅದಕ್ಕೂ ಪಾಚಿ ಅಂತೀವಿ. ಮೊದಲನೆಯದು ಆಲ್ಗೆ, ಎರಡನೆಯದು ಮಾಸ್. ಕನ್ನಡ ಪುಸ್ತಕದಲ್ಲಿ ಶೈವಲ, ಹಾವಸೆ ಅಂತ ಬೇರೆ ಬೇರೆ ಹೆಸರಿವೆ, ಆದರೆ ಬಾಯಲ್ಲಿ ಎರಡೂ ಪಾಚಿಯೇ. ಅವಳು ತಲೆಯಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ಮತ್ತೆ ಇಂಗ್ಲಿಷಿಗೆ ತಂದಿದ್ದಾಳೆ. ದಾರಿಯಲ್ಲಿ ಎರಡು ಗಿಡ ಅದಲು ಬದಲಾಗಿವೆ. ಇದನ್ನು ದಡ್ಡತನ ಅನ್ನೋದಾದರೆ ನಾವು ಮೇಷ್ಟ್ರುಗಳೂ ಆ ಲೆಕ್ಕಕ್ಕೆ ಬರ್ತೀವಿ, ಯಾಕಂದರೆ ಈ ಗೊಂದಲ ಆಗುತ್ತೆ ಅಂತ ಗೊತ್ತಿದ್ದೂ ಕ್ಲಾಸಿನಲ್ಲಿ ಒಂದು ನಿಮಿಷ ನಿಂತು ಹೇಳಿರಲ್ಲ.

ಹಾಗಾಗಿ ನಿಮ್ಮ ದೊಡ್ಡ ಚಿಂತೆ, "ಇವಳಿಗೆ ಬಯಾಲಜಿ ಆಗಲ್ವಾ" ಅನ್ನೋದು, ಈ ಮೂರು ಪುಟ ನೋಡಿದರೆ ಉಳಿಯಲ್ಲ. ಸಮಸ್ಯೆ ಇರೋದು ಹೆಸರುಗಳಲ್ಲಿ ಮತ್ತು ಓದುವ ರೀತಿಯಲ್ಲಿ. ಎರಡನ್ನೂ ಸರಿಮಾಡಬಹುದು. ಅದಕ್ಕೆ ಕಾಂಬಿನೇಷನ್ ಬದಲಾಯಿಸೋದು ಹಲ್ಲು ನೋವಿಗೆ ಊರು ಬಿಟ್ಟ ಹಾಗೆ.

ಈಗ ಪಕ್ಕದ ಮನೆಯವರ ಮಾತು. ಬಯಾಲಜಿ ಉರು ಹೊಡೆಯೋದೇ ಅಂತ ಯಾಕೆ ಎಲ್ಲರಿಗೂ ಅನ್ನಿಸುತ್ತೆ ಅಂದರೆ, ಫಸ್ಟ್ ಪಿಯುಸಿ ಪುಸ್ತಕ ಶುರುವಾಗೋದೇ ಹಾಗೆ. ನಮ್ಮಲ್ಲಿ ಓದೋದು ಎನ್‌ಸಿಇಆರ್‌ಟಿ ಪುಸ್ತಕ. ಅದರ 19 ಪಾಠಗಳಲ್ಲಿ ಮೊದಲ ನಾಲ್ಕು ವರ್ಗೀಕರಣ: ಜೀವಲೋಕ, ಜೀವಿಗಳ ಗುಂಪುಗಳು, ಸಸ್ಯ ಸಾಮ್ರಾಜ್ಯ, ಪ್ರಾಣಿ ಸಾಮ್ರಾಜ್ಯ. ಪುಟಕ್ಕೆ ಇಪ್ಪತ್ತು ಮೂವತ್ತು ಲ್ಯಾಟಿನ್, ಗ್ರೀಕ್ ಹೆಸರು. ಹೊಸ ಕಾಲೇಜು, ಹೊಸ ಭಾಷೆ, ಅದರ ಮೇಲೆ ಈ ಹೆಸರಿನ ಮಳೆ. ಕನ್ನಡ ಮೀಡಿಯಂ ಮಕ್ಕಳು ಮುಳುಗೋದು ಇಲ್ಲೇ. ನನ್ನನ್ನು ಕೇಳಿದ್ದರೆ ನಾನು ಜೀವಕೋಶದಿಂದ ಶುರು ಮಾಡ್ತಿದ್ದೆ. ಯಾರೂ ಕೇಳಲಿಲ್ಲ ಬಿಡಿ.

ಆ ನಾಲ್ಕು ಪಾಠ ದಾಟಿದರೆ ಪುಸ್ತಕದ ಸ್ವಭಾವ ಬದಲಾಗುತ್ತೆ. ಉಸಿರಾಟ, ರಕ್ತ ಪರಿಚಲನೆ, ಮೂತ್ರಪಿಂಡ, ನರಮಂಡಲ ಬರುತ್ತವೆ. ಇಲ್ಲಿ ಒಂದಾದಮೇಲೊಂದು ಯಾಕಾಗುತ್ತೆ ಅನ್ನೋದೇ ಪಾಠ. ಒಂದು ಲೆಕ್ಕ ಹೇಳ್ತೀನಿ. ಹೃದಯ ಒಂದು ಸಲ ಬಡಿದರೆ ಸುಮಾರು 70 ಮಿಲಿಲೀಟರ್ ರಕ್ತ ಹೊರಗೆ ದೂಡುತ್ತೆ. ನಿಮಿಷಕ್ಕೆ 72 ಸಲ ಬಡಿಯುತ್ತೆ. ಗುಣಿಸಿ: ಹತ್ತಿರ ಹತ್ತಿರ 5 ಲೀಟರ್. ದೊಡ್ಡವರ ಮೈಯಲ್ಲಿ ಇರುವ ರಕ್ತವೂ ಸುಮಾರು ಅಷ್ಟೇ. ಅಂದರೆ ಮೈಯಲ್ಲಿರುವಷ್ಟೂ ರಕ್ತ ಒಂದು ನಿಮಿಷದಲ್ಲಿ ಒಂದು ಸುತ್ತು ಮುಗಿಸುತ್ತೆ. ನಾನು ಈ ಪಾಠ ಮಾಡುವಾಗ ಮಕ್ಕಳಿಗೆ ಮೆಟ್ರೋ ಸ್ಟೇಷನ್ ಮೆಟ್ಟಿಲು ಹತ್ತಿ ನಾಡಿ ಎಣಿಸಿಕೊಂಡು ಬನ್ನಿ ಅಂತೀನಿ, ಎಸ್ಕಲೇಟರ್ ಬೇಡ. ಮಾರನೇ ದಿನ 120, 130 ಅಂತ ಬರೆದುಕೊಂಡು ಬರ್ತಾರೆ. ಯಾಕೆ ಜಾಸ್ತಿ ಆಯ್ತು ಅಂತ ಕೇಳಿದರೆ ಅವರೇ ಪಾಠದ ಅರ್ಧ ಹೇಳಿ ಮುಗಿಸ್ತಾರೆ.

ಸೆಕೆಂಡ್ ಪಿಯುಸಿಯ ಅನುವಂಶೀಯತೆ ಪಾಠ ಅಂತೂ ಹೆಚ್ಚು ಕಡಿಮೆ ಗಣಿತವೇ. ಅಪ್ಪನದು ಎ ಗ್ರೂಪ್, ಅಮ್ಮನದು ಬಿ ಗ್ರೂಪ್, ಮಗು ಓ ಆಗಬಹುದಾ? ಆಗಬಹುದು. ಎ ಗ್ರೂಪ್‌ನವರಲ್ಲಿ ಓ ಜೀನ್ ಒಂದು ಅಡಗಿ ಕೂತಿರಬಹುದು, ಬಿ ಗ್ರೂಪ್‌ನವರಲ್ಲೂ ಹಾಗೇ. ಎರಡೂ ಕಡೆಯಿಂದ ಆ ಅಡಗಿದ್ದೇ ಬಂದರೆ ಮಗು ಓ. ಇದನ್ನು ಯಾರೂ ಬಾಯಿಪಾಠ ಮಾಡೋಕಾಗಲ್ಲ, ಚೌಕ ಹಾಕಿ ಬಿಡಿಸಬೇಕು. ನಿಮ್ಮ ಮಗಳು ಗಣಿತದಲ್ಲಿ ಪರವಾಗಿಲ್ಲ ಅಂದಿದ್ದೀರಿ. ಹಾಗಾದರೆ ಈ ಪಾಠಕ್ಕೆ ಬಂದಾಗ ಅವಳು ಕ್ಲಾಸಿನಲ್ಲಿ ಅರ್ಧ ಜನಕ್ಕಿಂತ ಮುಂದಿರ್ತಾಳೆ.

ಹಾಗಂತ ನೆನಪೇ ಬೇಡ ಅಂತ ನಾನು ಸುಳ್ಳು ಹೇಳಲ್ಲ. ಹೆಸರುಗಳು ನೆನಪಿರಲೇಬೇಕು. ಹೇಗೆ ನೆನಪಿಡೋದು ಅನ್ನೋದೇ ಪ್ರಶ್ನೆ.

ಇದನ್ನು ನನ್ನದೇ ಕತೆಯಿಂದ ಹೇಳ್ತೀನಿ. ನಾನೂ ಕನ್ನಡ ಮೀಡಿಯಂನವಳು. ಪಿಯುಸಿಯ ಮೊದಲ ಟೆಸ್ಟ್‌ನಲ್ಲಿ ನನ್ನ ಅಂಕ ನಿಮ್ಮ ಮಗಳಿಗಿಂತ ಕಡಿಮೆ. ನಮ್ಮ ಬಾಟನಿ ಮೇಷ್ಟ್ರು ಒಂದು ದಿನ ಬೋರ್ಡ್ ಮೇಲೆ ಒಂದು ಕಡೆ ಕ್ಲೋರೋಫಿಲ್ ಅಂತ ಬರೆದರು, ಪಕ್ಕದಲ್ಲಿ ಪತ್ರಹರಿತ್ತು ಅಂತ ಬರೆದರು. ಪತ್ರ ಅಂದರೆ ಎಲೆ, ಹರಿತ್ ಅಂದರೆ ಹಸಿರು. ಆಮೇಲೆ ಕ್ಲೋರೋ ಕೆಳಗೆ ಗೆರೆ ಎಳೆದು ಹಸಿರು ಅಂದರು, ಫಿಲ್ ಕೆಳಗೆ ಗೆರೆ ಎಳೆದು ಎಲೆ ಅಂದರು. ಅಷ್ಟೇ. ಎರಡೂ ಒಂದೇ ಪದ, ಒಂದೇ ಅಚ್ಚಿನಲ್ಲಿ ಹೊಯ್ದದ್ದು. ನನಗೆ ಆವತ್ತು ಒಂದು ಥರ ಕೋಪ ಬಂತು, ಇಷ್ಟು ಸುಲಭದ್ದನ್ನು ಯಾಕೆ ಯಾರೂ ಹೇಳಲಿಲ್ಲ ಅಂತ.

ನಿಮ್ಮ ಮಗಳು ಹತ್ತು ವರ್ಷ ಓದಿದ ಕನ್ನಡ ಪದಗಳು ವ್ಯರ್ಥ ಆಗಿಲ್ಲ. ಅವು ಬೀಗದ ಕೈ ಥರ. ಅನಾವೃತಬೀಜ ಸಸ್ಯ ಅಂದರೆ ಬೀಜದ ಮೇಲೆ ಹೊದಿಕೆ ಇಲ್ಲದ್ದು. ಜಿಮ್ನೋಸ್ಪರ್ಮ್ ಅನ್ನೋದೂ ಅದೇ, ಜಿಮ್ನೋ ಅಂದರೆ ಬೆತ್ತಲೆ, ಸ್ಪರ್ಮ್ ಅಂದರೆ ಬೀಜ. (ಜಿಮ್ ಅನ್ನೋ ಪದವೂ ಅದೇ ಬೇರಿನದು, ಹಳೇ ಗ್ರೀಕರು ಬಟ್ಟೆ ಕಳಚಿಟ್ಟು ಕಸರತ್ತು ಮಾಡ್ತಿದ್ದರು. ಕ್ಲಾಸಿನಲ್ಲಿ ಇದನ್ನು ಹೇಳಿದರೆ ಹುಡುಗರು ಐದು ನಿಮಿಷ ನಗ್ತಾರೆ, ಆದರೆ ಪದ ಮರೆಯಲ್ಲ.) ಸಂಧಿಪದಿ ಅಂದರೆ ಕೀಲು ಇರುವ ಕಾಲಿನದು, ಆರ್ತ್ರೊಪೋಡಾ ಅಕ್ಷರಕ್ಕಕ್ಷರ ಅದೇ. ಕಂಟಕಚರ್ಮಿ ಅಂದರೆ ಮುಳ್ಳುಚರ್ಮದ್ದು, ಎಕೈನೊಡರ್ಮಾಟಾ. ಡರ್ಮಾ ಅಂದರೆ ಚರ್ಮ ಅಂತ ಒಂದು ಸಲ ಗೊತ್ತಾದರೆ ಎಪಿಡರ್ಮಿಸ್, ಎಂಡೋಡರ್ಮಿಸ್ ಎಲ್ಲ ತಾವಾಗೇ ಬಿಚ್ಚಿಕೊಳ್ಳುತ್ತವೆ.

ಅವಳು ಕಳೆದುಕೊಂಡ ಎರಡು ಅಂಕಕ್ಕೇ ವಾಪಸ್ ಬರೋಣ. ಫೈಕೋ ಅಂದರೆ ಪಾಚಿ, ಅಂದರೆ ಶೈವಲ. ಮೈಕೋ ಅಂದರೆ ಶಿಲೀಂಧ್ರ, ನಮ್ಮ ಅಣಬೆ ಜಾತಿ. ಬಯಾಂಟ್ ಅಂದರೆ ಬದುಕುವಂಥದ್ದು. ಇನ್ನೊಂದು ಗುಟ್ಟು: ಲೈಕೆನ್ ನಿಮ್ಮ ಅಡುಗೆಮನೆಯಲ್ಲೇ ಇರಬಹುದು. ಬಿರಿಯಾನಿಗೋ ಮಸಾಲೆ ಪುಡಿಗೋ ಹಾಕ್ತೀವಲ್ಲ ಕಲ್ಲುಹೂವು, ಕಪ್ಪುಬೂದು ಬಣ್ಣದ ಒಣ ಚಕ್ಕೆ, ಅದೇ ಲೈಕೆನ್. ಹೆಸರಲ್ಲಿ ಹೂವು ಇದೆ, ಹೂವಲ್ಲ. ಡಬ್ಬಿಯಿಂದ ಒಂದು ಚೂರು ತೆಗೆದು ಅವಳ ಕೈಗೆ ಕೊಡಿ. ಒಂದು ಬದಿ ಬಿಳಿಚು, ಇನ್ನೊಂದು ಬದಿ ಕಪ್ಪು ಇರುತ್ತೆ. "ಇದರಲ್ಲಿ ಊಟ ಮಾಡಿ ಕೊಡೋನು ಯಾರು, ಮನೆ ಕೊಡೋನು ಯಾರು, ಇಂಗ್ಲಿಷಿನಲ್ಲಿ ಏನಂತಾರೆ" ಅಂತ ಕೇಳಿ. ನಿಮಗೆ ಬಯಾಲಜಿ ಬರಬೇಕಾಗಿಲ್ಲ.

ಇನ್ನು ರಾತ್ರಿ ಹನ್ನೆರಡರ ತನಕ ಓದೋದರ ಬಗ್ಗೆ. ಅವಳ ಪುಸ್ತಕ ತೆಗೆದು ನೋಡಿ. ನನ್ನ ಊಹೆ, ಹೈಲೈಟರ್ ಎಳೆದು ಪುಟಕ್ಕೆಲ್ಲ ಅರಿಶಿನ ಹಚ್ಚಿದ ಹಾಗೆ ಆಗಿರುತ್ತೆ. ಅದೇ ಸಾಲನ್ನು ನಾಲ್ಕು ಸಲ ಓದಿದರೆ ಕಣ್ಣಿಗೆ ಪರಿಚಯ ಆಗುತ್ತೆ, ಗೊತ್ತು ಅನ್ನಿಸುತ್ತೆ. ಬಸ್ಸಿನಲ್ಲಿ ದಿನಾ ನೋಡುವ ಮುಖದ ಹಾಗೆ. ಗುರುತಿದೆ, ಹೆಸರು ಕೇಳಿದರೆ ಬರಲ್ಲ. ಪರೀಕ್ಷೆ ಕೇಳೋದು ಹೆಸರು. ಮರೆವನ್ನು ಅಳೆಯುವ ಕೆಲಸವನ್ನು 1885ರಲ್ಲೇ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ಪ್ರಕಟಿಸಿದ. ಕಲಿತದ್ದರಲ್ಲಿ ಜಾಸ್ತಿ ಪಾಲು ಮೊದಲ ದಿನದೊಳಗೇ ಜಾರಿಹೋಗುತ್ತೆ, ಆಮೇಲೆ ಜಾರುವ ವೇಗ ಕಡಿಮೆ ಆಗುತ್ತೆ. ಹಾಗಾಗಿ ಬೆಳಿಗ್ಗೆ ಎದ್ದು ನೆನಪಿಲ್ಲ ಅಂತ ಅಳೋದರಲ್ಲಿ ಅವಳ ತಪ್ಪೇನೂ ಇಲ್ಲ, ಎಲ್ಲರಿಗೂ ಆಗೋದೇ ಅದು. ಮಾಡಬೇಕಾದ್ದು ಇಷ್ಟೇ: ಪುಸ್ತಕ ಮುಚ್ಚಿ, ಖಾಲಿ ಹಾಳೆ ತಗೊಂಡು, ಇವತ್ತಿನ ಪಾಠದ ಚಿತ್ರ ಬರೆದು ಹೆಸರು ಹಾಕಬೇಕು. ಅರ್ಧ ಬರಲ್ಲ. ಪರವಾಗಿಲ್ಲ. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಬೇಕು. ಮಾರನೇ ದಿನ ಹತ್ತು ನಿಮಿಷ ಮತ್ತೆ ಖಾಲಿ ಹಾಳೆ. ಭಾನುವಾರ ಇನ್ನೊಂದು ಸಲ. ಕೆಂಪು ಕಡಿಮೆ ಆಗ್ತಾ ಬರೋದನ್ನು ನೀವೇ ನೋಡ್ತೀರಿ. ಇಂಗ್ಲಿಷ್ ಓದೋಕೆ ಬರದ ಅಮ್ಮಂದಿರೂ ಎರಡು ಹಾಳೆ ಪಕ್ಕಪಕ್ಕ ಇಟ್ಟು ಕೆಂಪು ಎಷ್ಟಿದೆ ಅಂತ ಹೇಳಬಹುದು. ಹತ್ತೂವರೆಗೆ ಮಲಗಿಸಿ. ನಿದ್ದೆಗೆಟ್ಟು ಓದಿದ್ದು ನಿಲ್ಲಲ್ಲ.

ಚಿತ್ರ ಅಂದೆ. ಅದಕ್ಕೂ ಒಂದು ಮಾತು. ಬಯಾಲಜಿಯಲ್ಲಿ ಚಿತ್ರ ಅಂದರೆ ಡ್ರಾಯಿಂಗ್ ಕ್ಲಾಸ್ ಚಿತ್ರ ಅಲ್ಲ. ಚೂಪಾದ ಪೆನ್ಸಿಲ್, ಒಂದೇ ಗೆರೆ, ಶೇಡಿಂಗ್ ಬೇಡ, ಹೆಸರಿನ ಗೆರೆಗಳು ಒಂದನ್ನೊಂದು ದಾಟಬಾರದು. ಮೊದಲ ಫೋಟೋದಲ್ಲಿ ನಿಮ್ಮ ಮಗಳು ಬ್ಯಾಕ್ಟೀರಿಯೋಫೇಜ್ ವೈರಸ್ಸನ್ನು ಎಷ್ಟು ಚೆನ್ನಾಗಿ ಬರೆದಿದ್ದಾಳೆ, ತಲೆ, ಕೊರಳು, ಬಾಲದ ನಾರುಗಳು ಎಲ್ಲ ಇದೆ, ಹೆಸರು ಮಾತ್ರ ಒಂದೂ ಇಲ್ಲ! ಹೆಸರಿಲ್ಲದ ಚಿತ್ರ ವಿಳಾಸ ಇಲ್ಲದ ಕಾಗದ ಇದ್ದ ಹಾಗೆ. ಮೇಷ್ಟ್ರಿಗೆ ಅಂಕ ಹಾಕೋಕೆ ಮನಸ್ಸಿದ್ದರೂ ದಾರಿ ಇರಲ್ಲ.

ಪ್ರಾಕ್ಟಿಕಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಸೆಕೆಂಡ್ ಪಿಯುಸಿಯಲ್ಲಿ ಬಯಾಲಜಿಗೆ ಥಿಯರಿ 70, ಪ್ರಾಕ್ಟಿಕಲ್ 30. ಆ 30ರಲ್ಲಿ ಕನ್ನಡ ಮೀಡಿಯಂ, ಇಂಗ್ಲಿಷ್ ಮೀಡಿಯಂ ಅಂತ ಭೇದ ಜಾಸ್ತಿ ಇರಲ್ಲ, ಕೈ ಓಡಬೇಕು ಅಷ್ಟೇ. ಲ್ಯಾಬ್‌ನಲ್ಲಿ ರಿಯೋ ಅನ್ನೋ ಗಿಡದ ಎಲೆಯ ತಳದ ನೇರಳೆ ಸಿಪ್ಪೆ ತೆಗೆದು ಮೈಕ್ರೋಸ್ಕೋಪ್ ಕೆಳಗೆ ಇಡ್ತೀವಿ. ಬೆಂಗಳೂರಿನ ಅರ್ಧ ಮನೆಗಳ ಕುಂಡದಲ್ಲಿ, ಪಾರ್ಕಿನ ಅಂಚಿನಲ್ಲಿ ಇರುತ್ತೆ ಆ ಗಿಡ. ಮೇಲೆ ಹಸಿರು, ಕೆಳಗೆ ನೇರಳೆ. ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು ಕಾಣ್ತವೆ, ಒಳಗೆಲ್ಲ ನೇರಳೆ ತುಂಬಿರುತ್ತೆ. ಅದರ ಮೇಲೆ ಗಟ್ಟಿ ಉಪ್ಪುನೀರಿನ ಒಂದು ಹನಿ ಬಿಟ್ಟು ಕಾದರೆ, ನೇರಳೆ ಬಣ್ಣ ಗೋಡೆಯಿಂದ ಬಿಡಿಸಿಕೊಂಡು ಮಧ್ಯಕ್ಕೆ ಮುದುಡಿಕೊಳ್ಳುತ್ತೆ. ನೀರು ಹೊರಗೆ ಹೋಯಿತು. ಇದಕ್ಕೆ ಪ್ಲಾಸ್ಮೋಲಿಸಿಸ್ ಅಂತ ಹೆಸರು. ನೀವು ಉಪ್ಪಿನಕಾಯಿಗೆ ಮಾವಿನ ಹೋಳಿಗೆ ಉಪ್ಪು ಬೆರೆಸಿ ಇಟ್ಟಾಗ ಮಾರನೇ ದಿನ ಭರಣಿಯಲ್ಲಿ ನೀರು ಬಿಟ್ಟಿರುತ್ತಲ್ಲ, ನಡೆಯೋದು ಅದೇ. ಇದನ್ನು ಕಣ್ಣಾರೆ ನೋಡಿದ ಹುಡುಗಿಗೆ ವ್ಯಾಖ್ಯೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ಕೆಲವು ಕಾಲೇಜುಗಳಲ್ಲಿ ಪ್ರಾಕ್ಟಿಕಲ್ಸ್ ಮಾಡಿಸದೆ ಬೋರ್ಡ್ ಮೇಲೆ ಬರೆದು ರೆಕಾರ್ಡ್ ಬುಕ್ ತುಂಬಿಸ್ತಾರೆ. ಅವಳ ಕಾಲೇಜಿನಲ್ಲಿ ಹೇಗೆ ಅಂತ ಕೇಳಿ ನೋಡಿ. ಅಂದಹಾಗೆ, ಕಪ್ಪೆ ಕೊಯ್ಯಬೇಕಾ ಅಂತ ಮನೆಯ ಹಿರಿಯರು ಹೆದರಿದ್ದರೆ ಹೇಳಿ, ಆ ಕಾಲ ಹೋಯ್ತು. ಈಗ ಚಾರ್ಟ್, ಮಾದರಿ, ಸ್ಲೈಡ್.

ಈಗ ನಿಮ್ಮ ಮುಂದಿರುವ ದಾರಿಗಳು.

ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸೋದು. ಭಾವನ ಮಗ ಒಳ್ಳೇ ಮನಸ್ಸಿನಿಂದಲೇ ಹೇಳಿರ್ತಾನೆ. ಆದರೆ ಅವನಿಗೆ ಒಂದು ವಿಷಯ ಗೊತ್ತಿಲ್ಲದಿರಬಹುದು. ಇಂಜಿನಿಯರಿಂಗ್‌ಗೆ ಪಿಸಿಎಂಬಿ ಅಡ್ಡಿ ಏನಲ್ಲ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ರ‍್ಯಾಂಕ್ ಹಾಕೋದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದಿಂದ, ಅರ್ಧ ಸೆಕೆಂಡ್ ಪಿಯುಸಿಯದು, ಅರ್ಧ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯದು. ಪಿಸಿಎಂಬಿ ಓದಿ ಮುಂದೆ ಕಂಪ್ಯೂಟರ್ ಇಂಜಿನಿಯರಿಂಗ್ ಸೇರಿದ ನನ್ನ ಶಿಷ್ಯರು ತುಂಬಾ ಜನ ಇದ್ದಾರೆ. ಬಯಾಲಜಿ ಬಿಟ್ಟರೆ ಮಾತ್ರ ಪಶುವೈದ್ಯಕೀಯ, ಕೃಷಿ, ನರ್ಸಿಂಗ್ ಕಡೆಯ ಬಾಗಿಲು ಮುಚ್ಚಿದಂತೆಯೇ. ಎಂಬಿಬಿಎಸ್‌ಗೆ ಹೆಚ್ಚುವರಿ ವಿಷಯವಾಗಿ ಆಮೇಲೆ ಬಯಾಲಜಿ ಪಾಸು ಮಾಡಿದವರೂ ನೀಟ್ ಬರೆಯಬಹುದು ಅಂತ ವೈದ್ಯಕೀಯ ಆಯೋಗ 2023ರಲ್ಲಿ ಹೇಳಿದೆ ನಿಜ. ಆದರೆ ಅದು ಸುತ್ತುಬಳಸಿನ ದಾರಿ. ಎದುರಿಗೆ ಬಾಗಿಲಿರುವಾಗ ಕಿಟಕಿ ಹತ್ತೋದು ಯಾಕೆ? ಇನ್ನೊಂದು ಅಪಾಯ, ಈಗ ಬದಲಾಯಿಸಿದರೆ ಜೂನ್‌ನಿಂದ ಆದ ಕಂಪ್ಯೂಟರ್ ಪಾಠ ಪೂರ್ತಿ ಅವಳೇ ಓದಿಕೊಳ್ಳಬೇಕು. ಹಾಗಿದ್ದೂ ಅವಳಿಗೇ ಕಂಪ್ಯೂಟರ್ ಇಷ್ಟ ಅಂದರೆ ತಡ ಮಾಡಬೇಡಿ, ಈ ವಾರವೇ ಪ್ರಿನ್ಸಿಪಾಲರನ್ನು ಕೇಳಿ. ದಾಖಲಾತಿಗೆ ಪಿಯು ಇಲಾಖೆಯ ಅನುಮೋದನೆ ಸಿಕ್ಕ ಮೇಲೆ ಬದಲಾವಣೆ ಕಷ್ಟ. ನಿಮ್ಮ ಪತ್ರದಲ್ಲಿ ಮಾತ್ರ ಕಂಪ್ಯೂಟರ್ ಬೇಕು ಅಂತ ಅವಳು ಹೇಳಿದ್ದು ಎಲ್ಲೂ ಕಾಣಲಿಲ್ಲ.

ಗಣಿತ ಬಿಡೋದು. ಬಯಾಲಜಿಯೊಂದಿಗೆ ಗಣಿತದ ಬದಲು ಗೃಹವಿಜ್ಞಾನದಂಥ ವಿಷಯ ಕೊಡುವ ಕಾಲೇಜುಗಳು ಇವೆ, ಆದರೆ ಕಡಿಮೆ. ಅದಕ್ಕೆ ಕಾಲೇಜೇ ಬದಲಾಯಿಸಬೇಕಾಗಬಹುದು. ಭಾರ ಕಡಿಮೆ ಆಗುತ್ತೆ ಅನ್ನೋದು ನಿಜ. ನಾಲ್ಕೂ ವಿಷಯ ಹೊತ್ತು ಬಳಲಿದ ಮಕ್ಕಳನ್ನು ಕಂಡಿದ್ದೀನಿ, ಗಣಿತದಲ್ಲಿ ಪದೇ ಪದೇ ಫೇಲಾಗೋ ಮಗುವಿಗೆ ಇದನ್ನೇ ಹೇಳ್ತೀನಿ. ನಿಮ್ಮ ಮಗಳಿಗೆ ತೊಂದರೆ ಗಣಿತದಲ್ಲಿಲ್ಲ. ಹುಷಾರಾಗಿರೋದನ್ನು ಬಿಟ್ಟು ನೋವಿರೋದನ್ನು ಇಟ್ಟುಕೊಂಡ ಹಾಗಾಗುತ್ತೆ. ಹಾಗೂ ಆ ಯೋಚನೆ ಇದ್ದರೆ ಮೊದಲು ಯಾವ ಕೋರ್ಸಿಗೆ ಯಾವ ವಿಷಯ ಕಡ್ಡಾಯ ಅಂತ ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರ, ಅದೇ ಕೆಇಎ, ಹೊರಡಿಸುವ ಮಾಹಿತಿ ಪುಸ್ತಕದಲ್ಲಿ ನೋಡಿಕೊಳ್ಳಿ. ನಿಯಮಗಳು ವರ್ಷ ವರ್ಷ ಬದಲಾಗ್ತಾ ಇರ್ತವೆ.

ಸಾಲ ಮಾಡಿ ಕೋಚಿಂಗ್ ಕಾಲೇಜು. ಇದನ್ನು ನಾನು ನೇರವಾಗಿ ಬೇಡ ಅಂತೀನಿ, ಈಗಂತೂ ಬೇಡ. ಕಾರಣ ಹೇಳ್ತೀನಿ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ 90 ಪ್ರಶ್ನೆ, 360 ಅಂಕ ಬಯಾಲಜಿಯದು, ನಿಜ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೀತಾರೆ. 2025ರಲ್ಲಿ ದೇಶದಲ್ಲಿ 22 ಲಕ್ಷಕ್ಕೂ ಜಾಸ್ತಿ ಮಕ್ಕಳು ಬರೆದರು. ಎಂಬಿಬಿಎಸ್ ಸೀಟು ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು, ಅದರಲ್ಲಿ ಸರ್ಕಾರಿ ಫೀಸಿನದು ಸುಮಾರು ಅರ್ಧ. ಇಷ್ಟು ಓಟದಲ್ಲಿ ಕೋಚಿಂಗ್ ಪಾಠ ರೈಲಿನ ವೇಗದಲ್ಲಿ ಓಡುತ್ತೆ. ಇಂಗ್ಲಿಷ್ ಹೆಸರುಗಳಲ್ಲೇ ತಡವರಿಸ್ತಾ ಇರೋ ಮಗುವನ್ನು ಅಲ್ಲಿ ಹತ್ತಿಸಿದರೆ ಏನಾಗುತ್ತೆ ಅಂತ ನಾನು ನೋಡಿದ್ದೀನಿ. ವಾರ ವಾರ ಟೆಸ್ಟ್, ಅಂಕದ ಮೇಲೆ ಸೆಕ್ಷನ್, ಕೊನೇ ಸೆಕ್ಷನ್‌ಗೆ ಬಿದ್ದ ಮಕ್ಕಳು "ನಮಗೆ ಆಗಲ್ಲ" ಅಂತ ತೀರ್ಮಾನ ಮಾಡಿಬಿಡ್ತಾರೆ. ಮನೆಯಲ್ಲಿ ಸಾಲದ ಕಂತು ಓಡ್ತಾ ಇರುತ್ತೆ, ಆ ಭಾರವನ್ನೂ ಅವರೇ ಹೊರ್ತಾರೆ. ಚೆನ್ನಾಗಿ ಹೊಂದಿಕೊಂಡು ಸೀಟು ತಗೊಂಡವರೂ ಇದ್ದಾರೆ. ಅವರು ಹೋಗುವಾಗಲೇ ಪಾಠದಲ್ಲಿ ಗಟ್ಟಿ ಇದ್ದವರು.

ಮುಖ್ಯವಾಗಿ, ನಿಮ್ಮ ಮಗಳು ಕೇಳ್ತಾ ಇರೋದು ಎಂಬಿಬಿಎಸ್ ಅಲ್ಲವೇ ಅಲ್ಲ. ಇದನ್ನು ಮನೆಯಲ್ಲಿ ಯಾರೂ ಗಮನಿಸಿದ ಹಾಗಿಲ್ಲ! ದನ, ನಾಯಿ, ಬೆಕ್ಕಿನ ಡಾಕ್ಟರ್ ಆಗೋಕೆ ಓದೋದು ಬಿವಿಎಸ್ಸಿ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಸರ್ಕಾರಿ ಪಶುವೈದ್ಯಕೀಯ ಕಾಲೇಜು ನಮ್ಮ ಹೆಬ್ಬಾಳದಲ್ಲೇ ಇದೆ. ರಾಜ್ಯದ ಸೀಟುಗಳು ಸಿಇಟಿ ಮೂಲಕ ಸಿಗುತ್ತವೆ. ಸಿಇಟಿ ಬಯಾಲಜಿ 60 ಪ್ರಶ್ನೆ, 60 ಅಂಕ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಪ್ರಶ್ನೆ ಬರೋದು ಈ ಎರಡು ವರ್ಷದ ಪುಸ್ತಕದಿಂದಲೇ. ಸುಲಭದ ಸೀಟು ಅಂತ ಹೇಳ್ತಾ ಇಲ್ಲ, ಪೈಪೋಟಿ ಜೋರಾಗಿದೆ. ಆದರೆ ಪುಸ್ತಕವನ್ನು ಸರಿಯಾಗಿ ಓದಿದ ಮಗುವಿಗೆ ಎಟುಕುವ ದೂರದಲ್ಲಿದೆ. ಅದು ಸಿಗದಿದ್ದರೆ ಕೃಷಿ, ತೋಟಗಾರಿಕೆ, ಬಿ.ಎಸ್ಸಿ. ನರ್ಸಿಂಗ್ ಇವೆ, ಅವೂ ಸಿಇಟಿಯಲ್ಲೇ.

ಉಳಿದದ್ದು ಪಿಸಿಎಂಬಿಯಲ್ಲೇ ಇದ್ದು ಓದುವ ರೀತಿ ಬದಲಾಯಿಸೋದು. ನನ್ನ ಸಲಹೆ ಇದೇ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ಬಯಾಲಜಿ ಸರಿಮಾಡೋ ಭರದಲ್ಲಿ ಗಣಿತ, ಭೌತಶಾಸ್ತ್ರ ಜಾರಬಹುದು. ದಿನಕ್ಕೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಬಯಾಲಜಿಗೆ ಕೊಡಬೇಡಿ. ಟ್ಯೂಷನ್ ಹಾಕಲೇಬೇಕು ಅನ್ನಿಸಿದರೆ ಬಯಾಲಜಿಗಿಂತ ಇಂಗ್ಲಿಷ್ ಓದಿ ಬರೆಯೋಕೆ ಸಹಾಯ ಮಾಡೋರು ಸಿಕ್ಕರೆ ನೋಡಿ, ನಾಲ್ಕೂ ವಿಷಯಕ್ಕೆ ಉಪಯೋಗ ಆಗುತ್ತೆ. ಗೈಡ್ ಕೊಳ್ಳೋ ದುಡ್ಡು ಉಳಿಸಿ, ಎನ್‌ಸಿಇಆರ್‌ಟಿ ಪುಸ್ತಕವೇ ಸಾಕು. ಮತ್ತೆ ಆ ಉತ್ತರ ಪತ್ರಿಕೆ ಹಿಡಿದುಕೊಂಡು ಅವಳನ್ನೇ ಅವಳ ಲೆಕ್ಚರರ್ ಹತ್ತಿರ ಕಳಿಸಿ. "ಲೈಕೆನ್ ಪ್ರಶ್ನೆಯಲ್ಲಿ ಏನು ಬರೆದಿದ್ದರೆ 3 ಬರ್ತಿತ್ತು?" ಅಂತ ಕೇಳಲಿ. ನಮ್ಮಂಥವರಿಗೆ ಹಾಗೆ ಕೇಳೋ ಮಕ್ಕಳು ಸಿಗೋದೇ ಅಪರೂಪ, ಯಾರೂ ಬೈಯಲ್ಲ.

ಒಂದು ಭಾನುವಾರ ಬಿಡುವಾದರೆ ಲಾಲ್‌ಬಾಗ್‌ಗೆ ಕರ್ಕೊಂಡು ಹೋಗಿ. ಗಾಜಿನಮನೆ ನೋಡಿ ವಾಪಸ್ ಬರಬೇಡಿ. ಎತ್ತರಕ್ಕೆ ನೆಟ್ಟಗೆ ನಿಂತ ಕ್ರಿಸ್‌ಮಸ್ ಮರಗಳಿವೆ, ಅವು ಅರಕೇರಿಯಾ, ಜಿಮ್ನೋಸ್ಪರ್ಮ್. ಹಳೇ ಮರಗಳ ತೊಗಟೆ ಮೇಲೆ ಬೂದುಹಸಿರು ತೇಪೆಗಳು ಕಾಣ್ತವೆ, ಅದು ಲೈಕೆನ್. ಬಂಡೆ ಮೇಲೂ ಹುಡುಕಲಿ. ಆಮೇಲೆ ವಾಪಸ್ ಬರುವಾಗ ಪೀಣ್ಯದ ಮುಖ್ಯರಸ್ತೆ ಬದಿಯ ಮರಗಳ ತೊಗಟೆ ಮೇಲೆ ಅಷ್ಟೇ ಇದೆಯಾ ಅಂತ ನೋಡಲಿ. "ಹೊಗೆ ಇರುವ ಜಾಗದಲ್ಲಿ ಬೆಳೆಯಲ್ಲ" ಅಂತ ಅವಳೇ ಬರೆದಿದ್ದಾಳಲ್ಲ.

ಮಿಡ್‌ಟರ್ಮ್ ತನಕ ಕಾಂಬಿನೇಷನ್ ವಿಷಯ ಮನೆಯಲ್ಲಿ ಎತ್ತಬೇಡಿ. ಅದರ ಉತ್ತರ ಪತ್ರಿಕೆ ಬಂದಾಗ ಮತ್ತೆ ಫೋಟೋ ಕಳಿಸಿ. ಈ ಸಲ ಮೂರೇ ಪುಟ ಬೇಡ, ಎಲ್ಲ ಪುಟ.